ಕಣ್ಣೀರೊರಸುವ ಕೈಯೂ ಕಾವಲಿಡುವ ಕಣ್ಣೂ

ಪರರ ಒಳಿತನ್ನು ಬಯಸುವವನಿಗೆ ಪರರ ಅಂತರಂಗವನ್ನು ಕದ್ದು ನೋಡುವ ಅಧಿಕಾರವುಂಟೆ? ಉದ್ದೇಶವು ಶುದ್ಧವಾಗಿದ್ದರೆ ಗೂಢಚರ್ಯೆಯೂ ಶುದ್ಧವಾಗುವುದೆ? ಈ ಪ್ರಶ್ನೆ ಅರಮನೆಗೆ ಮಾತ್ರ ಸಂಬಂಧಿಸಿದುದಲ್ಲ, ಮನೆಮನೆಗೂ ಸಂಬಂಧಿಸಿದುದು. ಇದನ್ನು ವಿಚಾರಿಸುವುದಕ್ಕೆ ಹತ್ತೊಂಬತ್ತನೆಯ ಶತಮಾನದ ರಷ್ಯಾ ದೇಶದ ಸೇನಾನಿ ಅಲೆಕ್ಸಾಂಡರ್ ಬೆಂಕೆನ್‌ಡಾರ್ಫನ ಜೀವನವು ತಕ್ಕ ನಿದರ್ಶನವಾಗಿದೆ.

ಬಾಲ್ಟಿಕ್ ತೀರದ ಜರ್ಮನ್ ಕುಲೀನ ಮನೆತನಕ್ಕೆ ಸೇರಿದ ಈತನು 1812ರಲ್ಲಿ ನೆಪೋಲಿಯನ್ನನ ದಂಡಯಾತ್ರೆಯನ್ನು ಎದುರಿಸಿ ಕಾದಿದನು. ಮರುವರ್ಷ ಹಾಲೆಂಡಿನಿಂದ ಫ್ರೆಂಚರನ್ನು ಹೊರದೂಡಲು ತನ್ನ ಪಡೆಯೊಡನೆ ಮುನ್ನಡೆದನು. 1824ರ ನವೆಂಬರಿನಲ್ಲಿ ನೇವಾ ನದಿ ಉಕ್ಕಿ ರಾಜಧಾನಿಯಾದ ಸೇಂಟ್ ಪೀಟರ್ಸ್‌ಬರ್ಗ್ ಜಲಮಯವಾಯಿತು. ಆಗ ಮುಳುಗುತ್ತಿದ್ದ ಜನರನ್ನು ಉಳಿಸಲು ಹೊರಟ ಸೇನಾನಿಗಳಲ್ಲಿ ನಗರದ ಅಧಿಪತಿ ಮಿಲೊರಾದೊವಿಚನೂ ಬೆಂಕೆನ್‌ಡಾರ್ಫನೂ ಇದ್ದರು. ಈತನ ಶೌರ್ಯದಲ್ಲಿಯಾಗಲಿ ಕರುಣೆಯಲ್ಲಿಯಾಗಲಿ ಸಂದೇಹಕ್ಕೆ ಎಡೆಯಿಲ್ಲ.

ಮರುವರ್ಷವೇ ಬೇರೊಂದು ಪ್ರವಾಹ ಬಂದಿತು. ಸೇನಾಧಿಕಾರಿಗಳಲ್ಲಿ ಕೆಲವರು ಗುಪ್ತಸಂಘಗಳನ್ನು ಕಟ್ಟಿರುವರೆಂದು ಬೆಂಕೆನ್‌ಡಾರ್ಫನು 1821ರಲ್ಲಿಯೇ ಚಕ್ರವರ್ತಿ ಒಂದನೆಯ ಅಲೆಕ್ಸಾಂಡರನಿಗೆ ಬರೆದು ತಿಳಿಸಿದ್ದನು. ಚಕ್ರವರ್ತಿ ಅದನ್ನು ಲಕ್ಷಿಸಿರಲಿಲ್ಲ. 1825ರ ಡಿಸೆಂಬರಿನಲ್ಲಿ ಒಂದನೆಯ ನಿಕೊಲಾಸನು ಪಟ್ಟವೇರುವಾಗ ಆ ಅಧಿಕಾರಿಗಳು ದಂಗೆಯೆದ್ದರು. ಅವರನ್ನು ಸಮಾಧಾನಪಡಿಸಲು ಹೋದ ಮಿಲೊರಾದೊವಿಚನು ಗುಂಡೇಟಿಗೆ ಬಲಿಯಾದನು. ಮುಂದೆ ನಡೆದ ವಿಚಾರಣಾ ಮಂಡಲಿಯಲ್ಲಿ ಬೆಂಕೆನ್‌ಡಾರ್ಫನೂ ಸದಸ್ಯನಾಗಿದ್ದನು. ಐವರನ್ನು ಗಲ್ಲಿಗೇರಿಸಲಾಯಿತು, ಅನೇಕರು ಸೈಬೀರಿಯಕ್ಕೆ ನಡೆದರು. ಹಿಂದೆ ಯುದ್ಧದಲ್ಲಿ ಈತನ ಒಡನಾಡಿಯಾಗಿದ್ದ ಸೆರ್ಗೈ ವೊಲ್ಕೋನ್ಸ್ಕಿಯೂ ಅವರಲ್ಲೊಬ್ಬ.

1826ರ ಜುಲೈಯಲ್ಲಿ ನಿಕೊಲಾಸನು ತನ್ನ ಸ್ವಂತ ಕಾರ್ಯಾಲಯದಲ್ಲಿ ‘ಮೂರನೆಯ ವಿಭಾಗ’ವೆಂಬ ಗುಪ್ತ ಪೊಲೀಸ್ ಶಾಖೆಯನ್ನು ಸ್ಥಾಪಿಸಿ ಬೆಂಕೆನ್‌ಡಾರ್ಫನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿದನು. ಹೊಸ ಅಧಿಕಾರಿಯು ತನ್ನ ಕರ್ತವ್ಯವೇನೆಂದು ಕೇಳಲು, ಚಕ್ರವರ್ತಿಯು ಕರವಸ್ತ್ರವೊಂದನ್ನು ಕೊಟ್ಟು, ನೊಂದವರ ಕಣ್ಣೀರನ್ನು ಒರಸುವಂತೆ ಹೇಳಿದನೆಂದು ಐತಿಹ್ಯವುಂಟು. ಬೆಂಕೆನ್‌ಡಾರ್ಫನು ತನ್ನ ಅಧಿಕಾರಿಗಳಿಗಿತ್ತ ಸೂಚನೆಯೂ ಇದೇ ಧಾಟಿಯದು: ದುರ್ಬಲರನ್ನು ರಕ್ಷಿಸಬೇಕು, ದುಃಖಿಗಳ ಮೊರೆಯನ್ನು ಸಿಂಹಾಸನಕ್ಕೆ ಮುಟ್ಟಿಸಬೇಕು. ಇಷ್ಟು ಉದಾತ್ತವಾದ ಮಾತಿನಿಂದ ಆರಂಭವಾದ ಸಂಸ್ಥೆಯ ಹೆಸರು ಕೇಳಿದರೆ ಜನರು ನಡುಗುವಂತಾದುದೇಕೆ?

ಕವಿ ಪುಷ್ಕಿನ್ನನ ಬಾಳನ್ನು ನೋಡಿದರೆ ಉತ್ತರ ದೊರೆಯುತ್ತದೆ. ಚಕ್ರವರ್ತಿಯೇ ಆತನ ಬರಹಗಳ ಪರಿಶೀಲಕನಾದನು. ಹಸ್ತಪ್ರತಿಗಳು ಬೆಂಕೆನ್‌ಡಾರ್ಫನ ಕೈಯಿಂದ ಹಾಯ್ದು ಹೋಗಬೇಕಾಗಿತ್ತು. 1829ರಲ್ಲಿ ಅಪ್ಪಣೆಯಿಲ್ಲದೆ ಕಾಕಸಸ್ ಸೀಮೆಗೆ ಹೋದುದಕ್ಕೆ ಕವಿ ಸಮಜಾಯಿಷಿ ಕೊಡಬೇಕಾಯಿತು. ಮರುವರ್ಷ ಪರದೇಶ ಪ್ರವಾಸಕ್ಕೆ ಅನುಮತಿ ಬೇಡಿದಾಗ ಅದು ದೊರೆಯಲಿಲ್ಲ. 1834ರಲ್ಲಿ ಆತನು ಹೆಂಡತಿಗೆ ಬರೆದ ಕಾಗದವನ್ನೇ ಅಂಚೆಯಲ್ಲಿ ಒಡೆದು, ಅದರ ವಿಷಯವನ್ನು ಚಕ್ರವರ್ತಿಗೆ ಮುಟ್ಟಿಸಿದರು. ಗಂಡಹೆಂಡಿರ ಮಾತಿಗೂ ಮರೆಯಿಲ್ಲವಾಯಿತು! ಆ ಮಹಾಪ್ರವಾಹವನ್ನೇ ವಸ್ತುವಾಗಿಟ್ಟು 1833ರಲ್ಲಿ ಆತನು ‘ಕಂಚಿನ ಕುದುರೆ ಸವಾರ’ ಎಂಬ ಕಾವ್ಯವನ್ನು ರಚಿಸಿ, ಜನರನ್ನು ಉಳಿಸಲು ಹೊರಟ ಸೇನಾನಿಗಳನ್ನು ಅದರಲ್ಲಿ ಸ್ಮರಿಸಿದ್ದನು. ಆ ಕಾವ್ಯವೂ ಬೆಂಕೆನ್‌ಡಾರ್ಫನ ಮೂಲಕವೇ ಸಾಗಿ, ಚಕ್ರವರ್ತಿಯ ಆಕ್ಷೇಪಣೆಗೆ ಸಿಲುಕಿ, ಕವಿ 1837ರಲ್ಲಿ ದ್ವಂದ್ವಯುದ್ಧದಲ್ಲಿ ಮಡಿಯುವವರೆಗೆ ಪೂರ್ತಿಯಾಗಿ ಬೆಳಕು ಕಾಣಲಿಲ್ಲ. 1836ರಲ್ಲಿ ರಷ್ಯಾದ ಹಿಂದುಳಿದಿರುವಿಕೆಯನ್ನು ಟೀಕಿಸಿ ಬರೆದ ಚಾದಾಯೆವನನ್ನಂತೂ ಹುಚ್ಚನೆಂದೇ ಸಾರಿದರು.

ದಂಗೆಯಲ್ಲಿ ಗೆಳೆಯರ ರಕ್ತ ಹರಿದುದನ್ನು ಕಂಡವನು ಎಚ್ಚರವಾಗಿರುವುದು ತಪ್ಪೇ ಎಂದು ಕೇಳಬಹುದು. ತಪ್ಪಲ್ಲ. ಆಯುಧವೆತ್ತಿದವನನ್ನು ತಡೆಯುವುದು ರಾಜ್ಯದ ಧರ್ಮವೇ. ಆದರೆ ಕೃತ್ಯವನ್ನು ವಿಚಾರಿಸುವುದು ಬೇರೆ, ಮನಸ್ಸನ್ನು ಬೇಟೆಯಾಡುವುದು ಬೇರೆ. ಕೃತ್ಯಕ್ಕೆ ಸಾಕ್ಷಿಯುಂಟು, ಮಿತಿಯುಂಟು. ಮನಸ್ಸಿನ ಮೇಲಣ ಸಂಶಯಕ್ಕೆ ಸಾಕ್ಷಿಯೂ ಇಲ್ಲ, ಮಿತಿಯೂ ಇಲ್ಲ.

ನೆರೆಯ ದಿನ ಬೆಂಕೆನ್‌ಡಾರ್ಫನು ಯಾರ ಮನಸ್ಸಿನಲ್ಲಿ ಏನಿದೆಯೆಂದು ಕೇಳಲಿಲ್ಲ. ಮುಳುಗುವವನು ರಾಜಭಕ್ತನೋ ರಾಜದ್ರೋಹಿಯೋ ಎಂದು ಪರೀಕ್ಷಿಸಿ ಕೈನೀಡಲಿಲ್ಲ. ಅಂದು ಅವನಲ್ಲಿದ್ದುದು ದಯೆ. ಪೀಠವೇರಿದ ಮೇಲೆ ಮೊದಲು ಪರೀಕ್ಷೆ, ಅನಂತರ ದಯೆ ಎಂಬ ಕ್ರಮವಾಯಿತು. ಪರೀಕ್ಷಿಸಿ ತೋರುವ ದಯೆ ಕೃಪೆಯ ವೇಷ ತೊಟ್ಟ ಒಡೆತನವಲ್ಲದೆ ಮತ್ತೇನು? ಭಯಪಡಿಸುವ ಕೈಯೇ ಕಣ್ಣೀರೊರಸಲು ಬಂದರೆ, ಅಳುವವನು ಕಣ್ಣೀರನ್ನು ಬಚ್ಚಿಡುವನು. ಮೊರೆಯನ್ನು ಸಿಂಹಾಸನಕ್ಕೆ ಮುಟ್ಟಿಸಲೆಂದು ಹುಟ್ಟಿದ ಸಂಸ್ಥೆ ಹೀಗೆ ಮೊರೆಯ ಬಾಯನ್ನೇ ಕಟ್ಟಿತು. ಬೆಂಕೆನ್‌ಡಾರ್ಫನು 1844ರಲ್ಲಿ ಸಮುದ್ರಯಾನದ ನಡುವೆ ಹಡಗಿನಲ್ಲಿ ತೀರಿಕೊಂಡನು. ಅವನ ವಿಭಾಗವನ್ನು 1880ರಲ್ಲಿ ರದ್ದುಮಾಡಿದರೂ ಅದರ ಕೆಲಸ ಬೇರೆ ಹೆಸರಿನಲ್ಲಿ ಮುಂದುವರಿಯಿತು.

ಸಂಸಾರಿಗಳಾದ ನಮಗೆ ಇದರಿಂದ ಪಾಠವಿಲ್ಲವೆ? ಮಗನ ಹಿತಕ್ಕೆಂದು ಅವನ ಕಾಗದವನ್ನು ಒಡೆದು ನೋಡುವ ತಂದೆ, ಸೊಸೆಯ ಮಾತಿಗೆ ಬಾಗಿಲ ಮರೆಯಲ್ಲಿ ಕಿವಿಗೊಡುವ ಅತ್ತೆ, ಆಳಿನ ಮೇಲೆ ಮತ್ತೊಬ್ಬ ಆಳನ್ನು ಕಾವಲಿಡುವ ಯಜಮಾನ, ಇವರೆಲ್ಲರೂ ಒಳಿತಿಗಾಗಿಯೇ ಹಾಗೆ ಮಾಡುತ್ತೇವೆಂದು ನಂಬಿರುತ್ತಾರೆ. ಆ ನಂಬಿಕೆ ಸುಳ್ಳಲ್ಲದಿರಬಹುದು. ಆದರೆ ಕದ್ದು ತಿಳಿದುದರಿಂದ ಮನೆಯಲ್ಲಿ ವಿಶ್ವಾಸ ಬೆಳೆಯದು. ಮುಚ್ಚಿಡುವ ಜಾಣ್ಮೆ ಬೆಳೆದೀತು. ಪರರ ಅಂತರಂಗದ ಬಾಗಿಲು ಒಳಗಿನಿಂದ ತೆರೆಯತಕ್ಕದ್ದು. ಹೊರಗೆ ನಿಂತವನು ಸದ್ದಿಲ್ಲದೆ ಕಾದಿರಬೇಕು, ಕರೆದಾಗ ಕೈನೀಡಬೇಕು. ಕಾವಲಿಡುವ ಕಣ್ಣೊಂದು ಬೇಕೇ ಬೇಕೆಂದಾದರೆ ಅದನ್ನು ತನ್ನ ಮನಸ್ಸಿನ ಮೇಲೆ ಇಟ್ಟುಕೊಳ್ಳುವುದು ಲೇಸು.