ಹಿಡಿಯುವ ಪುಟ್ಟಿ, ಮರೆಮಾಡುವ ಪುಟ್ಟಿ

(ಓದತಕ್ಕ ಭಾಗಗಳು: ಯೆಹೆಜ್ಕೇಲ 13ನೆಯ ಅಧ್ಯಾಯ, 10ರಿಂದ 16ನೆಯ ವಚನಗಳು, ಆದಿಕಾಂಡ 6ನೆಯ ಅಧ್ಯಾಯ, 14ನೆಯ ವಚನ)



ಬಾಬೆಲಿನ ಸೆರೆಯಲ್ಲಿ ಕೆಬಾರ್ ನದಿಯ ಬಳಿ ತನ್ನ ಜನರ ಮಧ್ಯದಲ್ಲಿ ವಾಸಿಸುತ್ತಿದ್ದ ಪ್ರವಾದಿಯಾದ ಯೆಹೆಜ್ಕೇಲನು ಒಂದು ಗೋಡೆಯ ಸಾಮ್ಯವನ್ನು ಹೇಳಿದನು. ಅದು ಹಳ್ಳಿಯಲ್ಲಿ ವಾಸಿಸುವ ನಮ್ಮೆಲ್ಲರಿಗೂ ಸುಲಭವಾಗಿ ತಿಳಿಯತಕ್ಕದ್ದಾಗಿದೆ. ಜನರು ಬಲವಿಲ್ಲದ ಒಂದು ಗೋಡೆಯನ್ನು ಎಬ್ಬಿಸಿದರು. ಪ್ರವಾದಿಗಳೆನಿಸಿಕೊಂಡವರು ಬಂದು, ಇದನ್ನು ಕೆಡವಿ ಚೆನ್ನಾಗಿ ಕಟ್ಟಿರೆಂದು ಬುದ್ಧಿಹೇಳುವದಕ್ಕೆ ಬದಲಾಗಿ, ಅದರ ಮೇಲೆ ಸುಣ್ಣವನ್ನು ಬಳಿದು, ಎಲ್ಲವೂ ಕ್ಷೇಮವಾಗಿದೆಯೆಂದು ಜನರನ್ನು ನಂಬಿಸಿದರು. ಆದರೆ ದೇವರು ಮಳೆಯನ್ನೂ ಆಲಿಕಲ್ಲನ್ನೂ ಬಿರುಗಾಳಿಯನ್ನೂ ಕಳುಹಿಸುವನೆಂದೂ, ಆ ಗೋಡೆಯು ಅಸ್ತಿವಾರವು ಕಾಣುವ ಹಾಗೆ ಬೀಳುವದೆಂದೂ, ಆಗ ಬಳಿದ ಸುಣ್ಣವೆಲ್ಲಿ ಎಂದು ನೋಡುವವರು ಕೇಳುವರೆಂದೂ ಪ್ರವಾದಿಯು ಎಚ್ಚರಿಸಿದನು.

ಇದೇ ಪಾಠವನ್ನು ಕೆಲಸಗಾರನ ಚೀಲದಲ್ಲಿರುವ ಒಂದು ಸಣ್ಣ ಉಪಕರಣವೂ ನಮಗೆ ಕಲಿಸುತ್ತದೆ. ಅದು ಯಾವದೆಂದರೆ, ಕಿಟಕಿಗೆ ಗಾಜನ್ನು ಕೂರಿಸುವಾಗ ಪುಟ್ಟಿಯನ್ನು ಹಚ್ಚುವ ಕತ್ತಿ.

ಮಳವಳ್ಳಿಯಿಂದ ಬನ್ನೂರಿನ ಮೇಲೆ ಮೈಸೂರಿಗೆ ಹೋಗುವ ದಾರಿಯಲ್ಲಿ ಕಿರುಗಾವಲು ಎಂಬ ದೊಡ್ಡ ಊರು ಉಂಟು. ಆ ಸೀಮೆಯ ಹಳೆಯ ಹೆಂಚಿನ ಮನೆಗಳನ್ನು ನೋಡಿದವರಿಗೆ, ಹಿಂದಿನವರು ಬೆಳಕನ್ನು ಎಷ್ಟು ಮಿತವಾಗಿ ಒಳಗೆ ಕರೆದರೆಂಬದು ಗೊತ್ತಿದೆ. ಮರದ ಸರಳುಗಳುಳ್ಳ ಒಂದು ಸಣ್ಣ ಕಿಟಕಿ, ಅಡಿಗೆ ಮನೆಯ ಮೇಲೆ ಹೆಂಚುಗಳ ನಡುವೆ ಒಂದು ಗಾಜಿನ ಹೆಂಚು, ಇಷ್ಟೇ. ಈಗಲಾದರೋ ಎಲ್ಲಾ ಊರುಗಳಲ್ಲಿಯೂ ಹೊಸ ಮನೆಗಳು ಏಳುತ್ತಿವೆ, ಕಿಟಕಿಗಳು ಅಗಲವಾಗಿವೆ, ಅವುಗಳಿಗೆ ಗಾಜು ಬಂದಿದೆ. ಬೆಳಕು ಹೆಚ್ಚಾಗಿ ಬರುವದು ಸಂತೋಷವೇ. ಆದರೆ ಗಾಜು ಬಂದಲ್ಲಿ ಗಾಜಿಗೂ ಮರಕ್ಕೂ ಮಧ್ಯದಲ್ಲಿ ಒಂದು ಸಂದು ಸಹ ಬಂದಿತು; ಭರಣಿ ಮಳೆಯ ಗಾಳಿಯೂ ಚಿತ್ತಾ ಮಳೆಯ ಎರಚಲೂ ಆ ಸಂದನ್ನೇ ಹುಡುಕುತ್ತವೆ. ಆ ಸಂದನ್ನು ಕಾಯುವ ಪದಾರ್ಥವೇ ಪುಟ್ಟಿ.

ಇಲ್ಲಿ ಓದುಗರು ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಪುಟ್ಟಿ ಎಂಬ ಒಂದೇ ಹೆಸರಿನಿಂದ ಎರಡು ಪದಾರ್ಥಗಳು ಕರೆಯಲ್ಪಡುತ್ತವೆ. ಮೊದಲನೆಯದು ಅಂಗಡಿಯಲ್ಲಿ ಚೀಲಗಳಲ್ಲಿ ದೊರೆಯುವ ಗೋಡೆಯ ಪುಟ್ಟಿ. ಬಿಳಿ ಸಿಮೆಂಟಿನಿಂದ ಮಾಡಿದ ಆ ಪುಡಿಯನ್ನು ನೀರಿನಲ್ಲಿ ಕಲಸಿ, ಗಾರೆಯ ಮೇಲೆ ತೆಳ್ಳಗೆ ಎಳೆದು, ಉಬ್ಬುತಗ್ಗುಗಳನ್ನು ಮರೆಮಾಡಿ ಬಣ್ಣಕ್ಕೆ ನುಣುಪಾದ ಮೈಯನ್ನು ಕೊಡುತ್ತಾರೆ. ಎರಡನೆಯದು ಗಾಜಿನ ಪುಟ್ಟಿ. ಇದು ಸೀಮೇಸುಣ್ಣದ ನುಣ್ಣನೆಯ ಪುಡಿಗೆ ಅಗಸೆ ಎಣ್ಣೆಯನ್ನು ಬೆರಸಿ, ರೊಟ್ಟಿಯ ಹಿಟ್ಟಿನಂತೆ ನಾದಿ ಮಾಡಿದ್ದು. ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಯ ಜೊತೆಗೆ ಚಟ್ನಿಪುಡಿಯಾಗುವ ಅದೇ ಅಗಸೆಯು ಇಲ್ಲಿ ಗಾಜನ್ನು ಹಿಡಿಯುತ್ತದೆ. ಗೋಡೆಯ ಪುಟ್ಟಿಯ ಕೆಲಸವು ಅಂದಗೊಳಿಸುವದು. ಗಾಜಿನ ಪುಟ್ಟಿಯ ಕೆಲಸವು ಹಿಡಿಯುವದು. ಗಟ್ಟಿಯಾದ ಒಣ ಗೋಡೆಯ ಮೇಲೆ ಮೊದಲನೆಯದು ತಪ್ಪಲ್ಲ. ಆದರೆ ನೀರು ಸೋರುವ ಗೋಡೆಗೆ ಅದನ್ನು ಬಳಿದರೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಬೊಬ್ಬೆಯೆದ್ದು ಹಕ್ಕಳೆಯಾಗಿ ಉದುರುವದನ್ನು ನಾವೆಲ್ಲರೂ ನೋಡಿದ್ದೇವೆ. ಯೆಹೆಜ್ಕೇಲನು ಖಂಡಿಸಿದ್ದು ಇಂಥ ಬಳಿಯುವಿಕೆಯನ್ನೇ.

ಇನ್ನು ಗಾಜಿನ ಪುಟ್ಟಿಯ ಕತ್ತಿಯನ್ನು ನೋಡೋಣ. ಅದು ಗೇಣುದ್ದದ ಅಲ್ಪ ಸಾಮಾನು. ಮರದ ಹಿಡಿ, ಅದರ ಮುಂದೆ ಎರಡು ಬೆರಳಗಲದ ಉಕ್ಕಿನ ತೆಳು ಅಲಗು. ಇದಕ್ಕೆ ಕೊಯ್ಯುವ ಹರಿತವು ಬೇಕಾಗಿಲ್ಲ. ಬಾಗಬೇಕಾದಲ್ಲಿ ಬಾಗಿ ಮತ್ತೆ ನೆಟ್ಟಗಾಗುವ ಗುಣವು ಬೇಕು. ಅದರ ಅಂಚು ಶುದ್ಧವಾಗಿರಬೇಕು. ಹಿಂದಿನ ದಿನದ ಪುಟ್ಟಿಯು ಅಂಚಿನಲ್ಲಿ ಒಣಗಿ ಅಂಟಿಕೊಂಡಿದ್ದರೆ, ಎಳೆದಲ್ಲೆಲ್ಲಾ ಗೀರು ಬೀಳುವದು. ಇತರರನ್ನು ಸರಿಪಡಿಸುವದಕ್ಕೆ ಹೊರಟವರು ಮೊದಲು ತಮ್ಮ ಅಂಚನ್ನು ಒರಸಿಕೊಳ್ಳಬೇಕೆಂಬದನ್ನು ನಾವು ಬೇರೆಯಾಗಿ ಹೇಳಬೇಕೋ?

ಈ ಕೆಲಸದ ಕ್ರಮದಲ್ಲಿ ನಾಲ್ಕು ಪಾಠಗಳನ್ನು ನಾವು ಕಾಣುತ್ತೇವೆ.

ಮೊದಲನೆಯದಾಗಿ, ಹಳೆಯದನ್ನು ತೆಗೆಯದೆ ಹೊಸದನ್ನು ಹಚ್ಚಬಾರದು. ಒಡೆದ ಗಾಜನ್ನು ಬದಲಾಯಿಸುವಾಗ ಬಲ್ಲ ಕೆಲಸಗಾರನು ಮೊದಲು ಪುಟ್ಟಿಯ ಡಬ್ಬಿಯನ್ನು ತೆರೆಯುವದಿಲ್ಲ. ಕಲ್ಲಿನಂತಾದ ಹಳೆಯ ಪುಟ್ಟಿಯನ್ನು ಸ್ವಲ್ಪ ಸ್ವಲ್ಪವಾಗಿ ಕೆತ್ತುತ್ತಾನೆ, ಹಳೆಯ ಮೊಳೆಗಳನ್ನು ಕೀಳುತ್ತಾನೆ, ಧೂಳನ್ನು ಗುಡಿಸುತ್ತಾನೆ, ಮರವು ಬರಿದಾಗಿ ಕಾಣುವ ತನಕ ಬಿಡುವದಿಲ್ಲ. ಆ ಮೇಲೆ ಒಣ ಮರಕ್ಕೆ ಎಣ್ಣೆಯನ್ನಾಗಲಿ ಮೊದಲ ಕೈ ಬಣ್ಣವನ್ನಾಗಲಿ ಕುಡಿಸುತ್ತಾನೆ. ಯಾಕಂದರೆ ಬಾಯಾರಿದ ಮರವು ಪುಟ್ಟಿಯೊಳಗಿನ ಎಣ್ಣೆಯನ್ನೆಲ್ಲಾ ಹೀರಿಬಿಟ್ಟರೆ, ಪುಟ್ಟಿಯು ಬರೀ ಪುಡಿಯಾಗಿ ಬಿರಿದು ಬೀಳುವದು. ಸೀಳಿದ ಗಾಜನ್ನು ಪುಟ್ಟಿಯಿಂದ ಬೆಸೆಯುವೆನೆಂದು ಯಾವ ಬುದ್ಧಿವಂತನೂ ಹೇಳುವದಿಲ್ಲ. ಒಡೆದದ್ದನ್ನು ಒಡೆದಿದೆಯೆಂದು ಒಪ್ಪಿ ತೆಗೆಯಲೇಬೇಕು. ಮಾನಸಾಂತರವೂ ಹೀಗೆಯೇ. ಜಕ್ಕಾಯನು ಯೇಸುವನ್ನು ತನ್ನ ಮನೆಗೆ ಸೇರಿಸಿಕೊಂಡ ದಿನದಲ್ಲಿ ಊಟವನ್ನು ಮಾತ್ರ ಬಡಿಸಲಿಲ್ಲ. ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟಾಗಿ ಹಿಂದಕ್ಕೆ ಕೊಡುವೆನೆಂದು ಎಲ್ಲರ ಮುಂದೆ ಹೇಳಿದನು. ಹಳೆಯ ಪುಟ್ಟಿಯನ್ನು ಕೆತ್ತುವದೆಂದರೆ ಇದೇ.

ಎರಡನೆಯದಾಗಿ, ಒಳಗೂ ಹೊರಗೂ ಹಚ್ಚಬೇಕು. ಗಾಜನ್ನು ಇಡುವದಕ್ಕಿಂತ ಮುಂಚೆಯೇ ಚೌಕಟ್ಟಿನ ಮೆಟ್ಟಿನಲ್ಲಿ ಪುಟ್ಟಿಯ ಒಂದು ತೆಳು ಹಾಸಿಗೆಯನ್ನು ಹಾಸಬೇಕು. ಗಾಜನ್ನು ಅದರ ಮೇಲಿಟ್ಟು, ನಡುವೆ ಒತ್ತದೆ ಅಂಚುಗಳಲ್ಲಿ ಮಾತ್ರ ಮೆಲ್ಲಗೆ ಒತ್ತಬೇಕು; ನಡುವೆ ಒತ್ತಿದರೆ ಗಾಜು ಸೀಳುವದು. ತರುವಾಯ ತಲೆಯಿಲ್ಲದ ಸಣ್ಣ ಮೊಳೆಗಳನ್ನು ಮರಕ್ಕೆ ಹೊಡೆದು, ಅವು ಗಾಜನ್ನು ತಡೆದು ನಿಲ್ಲಿಸುವಂತೆ ಮಾಡಿ, ಕಡೆಗೆ ಹೊರಗಿನ ಪುಟ್ಟಿಯನ್ನು ಹಚ್ಚಬೇಕು. ದಾರಿಯಲ್ಲಿ ಹೋಗುವವರಿಗೆ ಕಾಣುವದು ಹೊರಗಿನದು ಮಾತ್ರ. ಆದಕಾರಣ ಆತುರದ ಕೆಲಸಗಾರನು ಒಳಗಿನ ಹಾಸಿಗೆಯನ್ನು ಬಿಟ್ಟುಬಿಡುತ್ತಾನೆ. ಅವನು ಕೂಲಿ ಪಡೆದು ಹೋದ ಮೇಲೆ, ಗಾಳಿ ಬೀಸಿದಾಗಲೆಲ್ಲಾ ಗಾಜು ಗಡಗಡ ಎನ್ನುವದು. ನೋಹನು ನಾವೆಯನ್ನು ಕಟ್ಟಿದಾಗ ಅದರ ಒಳಗೂ ಹೊರಗೂ ರಾಳವನ್ನು ಹಚ್ಚಬೇಕೆಂಬ ಅಪ್ಪಣೆಯಾಯಿತೆಂದು ಆದಿಕಾಂಡದಲ್ಲಿ ಓದುತ್ತೇವೆ. ಹೊರಗೆ ಹಚ್ಚಿದ್ದು ಊರವರಿಗೆ ಕಂಡಿತು. ಒಳಗೆ ಹಚ್ಚಿದ್ದು ಕಾಣಲಿಲ್ಲ. ಆದರೂ ಪ್ರಳಯದ ನೀರಿನ ಮೇಲೆ ಎಂಟು ಮಂದಿಯ ಪ್ರಾಣವು ಎರಡನ್ನೂ ನೆಚ್ಚಿಕೊಂಡಿತ್ತು.

ಮೂರನೆಯದಾಗಿ, ಒಂದೇ ಸಮನಾಗಿ, ಓರೆಯಾಗಿ ಎಳೆಯಬೇಕು. ಕತ್ತಿಯ ಒಂದು ಮೂಲೆಯು ಗಾಜಿನ ಮೇಲೂ ಮತ್ತೊಂದು ಮೂಲೆಯು ಮರದ ಮೇಲೂ ನಿಂತು, ಮೂಲೆಯಿಂದ ಮೂಲೆಗೆ ಎಡೆಬಿಡದೆ ಸಾಗಬೇಕು. ಬಿಗಿಯಾಗಿ ಒತ್ತಿದರೆ ಪುಟ್ಟಿಯು ಕಿತ್ತುಬರುವದು. ಸಡಿಲವಾಗಿ ಹಿಡಿದರೆ ಒಳಗೆ ಪೊಳ್ಳು ಉಳಿಯುವದು. ಓರೆಯು ಯಾತಕ್ಕೆಂದರೆ, ಮೇಲೆ ಬಿದ್ದ ನೀರು ನಿಲ್ಲದೆ ಜಾರಿ ಹೋಗುವದಕ್ಕಾಗಿಯೇ. ಮರ ಮತ್ತು ಗಾಜು ಒಂದೇ ಸ್ವಭಾವದವುಗಳಲ್ಲವೆಂಬದನ್ನೂ ಇಲ್ಲಿ ನೆನಪಿಡಬೇಕು. ಮರವು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಗಾಜು ಹಾಗೆ ಮಾಡುವದಿಲ್ಲ. ಆದಕಾರಣ ಗಾಜನ್ನು ಚೌಕಟ್ಟಿನ ಅಳತೆಗಿಂತ ಸುಮಾರು 3 ಮಿಲಿಮೀಟರಿನಷ್ಟು ಕಿರಿದಾಗಿ ಕೊಯ್ದು, ಮಧ್ಯದ ಎಡೆಯನ್ನು ಪುಟ್ಟಿಗೆ ಬಿಡುತ್ತಾರೆ. ಎಡೆಯಿಲ್ಲದೆ ಬಿಗಿದ ಗಾಜು ಮರವು ಉಬ್ಬಿದ ದಿನವೇ ಒಡೆಯುವದು. ಒಂದೇ ಮನೆಯಲ್ಲಿ ಅತ್ತೆ ಸೊಸೆಯರೂ, ಒಂದೇ ಸಭೆಯಲ್ಲಿ ಹಿರಿಯರೂ ಓದಿದ ಯೌವನಸ್ಥರೂ ಇದ್ದಾರಷ್ಟೆ. ಇವರೆಲ್ಲರೂ ಒಂದೇ ಸ್ವಭಾವದವರಾಗಬೇಕೆಂದು ಬಿಗಿಯುವದರಿಂದ ಒಡಕು ಉಂಟಾಗುವದು. ನಡುವೆ ತಾಳ್ಮೆಗೆ ಸ್ವಲ್ಪ ಎಡೆಯನ್ನು ಬಿಟ್ಟಲ್ಲಿ ಇಬ್ಬರೂ ನಿಲ್ಲುವರು.

ನಾಲ್ಕನೆಯದಾಗಿ, ಕಾದಿರಬೇಕು. ಅಗಸೆ ಎಣ್ಣೆಯು ನೀರಿನಂತೆ ಆರಿ ಹೋಗಿ ಒಣಗುವದಲ್ಲ. ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಮೆಲ್ಲಮೆಲ್ಲನೆ ಕೂಡಿಸಿಕೊಂಡು ತಾನೇ ಗಟ್ಟಿಯಾಗುತ್ತದೆ. ಮೇಲೆ ಕೆನೆಕಟ್ಟುವದಕ್ಕೆ ಕೆಲವು ದಿನಗಳೂ, ಬಣ್ಣ ಬಳಿಯುವಷ್ಟು ಬಲಿಯುವದಕ್ಕೆ ಕೆಲವು ವಾರಗಳೂ ಹಿಡಿಯುತ್ತವೆ. ಬಳಿಕ ಬಣ್ಣವನ್ನು ಪುಟ್ಟಿಯ ಅಂಚನ್ನು ದಾಟಿಸಿ ಗಾಜಿನ ಮೇಲೆ ಒಂದು ಎಳೆಯಷ್ಟು ಬರುವಂತೆ ಬಳಿಯಬೇಕು. ಆಗ ಸಂದಿನ ಬಾಯಿ ಪೂರ್ತಿಯಾಗಿ ಮುಚ್ಚುವದು. ಜಗಳವಾಡಿದ ಇಬ್ಬರನ್ನು ಕೈಹಿಡಿಸಿದ ಮರುದಿನವೇ ಎಲ್ಲವೂ ಸರಿಯಾಯಿತೆಂದು ಎಣಿಸಬಾರದು. ನೋವು ಪಟ್ಟವನ ನಂಬಿಕೆಯು ಬಲಿಯುವದಕ್ಕೆ ದಿನಗಳು ಬೇಕು. ಆ ದಿನಗಳಲ್ಲಿ ಅದನ್ನು ಬೆರಳಿನಿಂದ ಒತ್ತಿ ನೋಡಬಾರದು.

ಪ್ರಿಯರೇ, ಈ ನಾಲ್ಕು ಪಾಠಗಳನ್ನು ಕೇಳಿದ ಮೇಲೆ, ನಮ್ಮ ಸಭೆಗಳ ವಿಷಯವಾಗಿ ಒಂದು ಕಠಿಣವಾದ ಮಾತನ್ನು ಹೇಳದೆ ಬಿಡಲಾರೆವು. ಹಳ್ಳಿಯ ಸಭೆಗಳಲ್ಲಿ ಒಂದು ಅನ್ಯಾಯವು ನಡೆದಾಗ ಮೊದಲು ಕೇಳಬರುವ ಮಾತು ಯಾವದು? ಸಭೆಯ ಹೆಸರು ಕೆಡಬಾರದು, ಹೊರಗಿನವರಿಗೆ ತಿಳಿಯಬಾರದು ಎಂಬದೇ ಅಲ್ಲವೋ? ಕಾಣಿಕೆಯ ಲೆಕ್ಕದಲ್ಲಿ ಹಣವು ಕಡಿಮೆಯಾದರೆ, ಲೆಕ್ಕವನ್ನು ಕೇಳಿದವನೇ ಕಲಹಗಾರನೆನಿಸಿಕೊಳ್ಳುತ್ತಾನೆ. ಕುಡಿದು ಬಂದ ಗಂಡನಿಂದ ಪೆಟ್ಟು ತಿಂದವಳಿಗೆ, ಸಹಿಸಿಕೊಂಡು ಹೋಗಮ್ಮಾ ಎಂಬ ಬುದ್ಧಿಯು ದೊರೆಯುತ್ತದೆ. ಬಲವುಳ್ಳವನು ಬಡವನ ಗದ್ದೆಯ ಬದುವನ್ನು ಒತ್ತಿಕೊಂಡರೆ, ಇಬ್ಬರನ್ನೂ ಕೂರಿಸಿ ಪ್ರಾರ್ಥನೆ ಮಾಡಿ ಕೈಕುಲುಕಿಸಿ ಕಳುಹಿಸುತ್ತಾರೆ; ಬದು ಮಾತ್ರ ಒತ್ತಿಕೊಂಡಲ್ಲಿಯೇ ಇರುತ್ತದೆ. ಇದಕ್ಕೆ ಸಮಾಧಾನವೆಂದು ಹೆಸರಿಡುತ್ತಾರೆ. ಇದು ಗಾಜನ್ನು ಹಿಡಿಯುವ ಪುಟ್ಟಿಯಲ್ಲ, ಸೋರುವ ಗೋಡೆಗೆ ಬಳಿದ ಪುಟ್ಟಿ. ಮೇಲೆ ಥಳಕು, ಒಳಗೆ ಹುಳುಕು. ಯೆಹೆಜ್ಕೇಲನು ಕಟ್ಟಿದವರನ್ನು ಮಾತ್ರವಲ್ಲ, ಬಳಿದವರನ್ನೂ ಖಂಡಿಸಿದನೆಂಬದನ್ನು ಹಿರಿಯರೆಲ್ಲರೂ ಭಯದಿಂದ ನೆನಪಿಡತಕ್ಕದ್ದು.

ಹಾಗಾದರೆ ತಪ್ಪನ್ನು ಊರೆಲ್ಲಾ ಸಾರಬೇಕೋ ಎಂದು ಕೆಲವರು ಕೇಳಬಹುದು. ಹಾಗಲ್ಲ. ಹಳೆಯ ಪುಟ್ಟಿಯನ್ನು ಕೆತ್ತುವವನು ಸುತ್ತಿಗೆಯಿಂದ ಕಿಟಕಿಯನ್ನು ಜಜ್ಜುವದಿಲ್ಲ. ಪಕ್ಕದ ಗಾಜು ಸೀಳದಂತೆ ಎಚ್ಚರದಿಂದ ಕೈಯಿಡುತ್ತಾನೆ. ಆದರೆ ಕೆತ್ತುವದನ್ನು ಬಿಡುವದಿಲ್ಲ. ಲೆಕ್ಕದ ಪುಸ್ತಕವನ್ನು ಸಭೆಯ ಮುಂದೆ ತೆರೆದಿಡುವದು, ಬದುವನ್ನು ಅಳೆದು ಹಿಂದಕ್ಕೆ ಹಾಕಿಸುವದು, ಪೆಟ್ಟು ತಿಂದವಳಿಗೆ ಮೊದಲು ಆಶ್ರಯವನ್ನೂ ಕಾನೂನಿನ ಸಹಾಯವನ್ನೂ ದೊರಕಿಸಿ ಆ ಮೇಲೆ ಗಂಡನೊಡನೆ ಮಾತಾಡುವದು, ಇವೇ ಕೆತ್ತುವ ಕೆಲಸಗಳು. ಇವುಗಳ ತರುವಾಯ ಮಾಡುವ ಪ್ರಾರ್ಥನೆಯು ಗಟ್ಟಿ ಮರದ ಮೇಲೆ ಹಚ್ಚಿದ ಪುಟ್ಟಿಯಂತೆ ನಿಲ್ಲುವದು.

ಇನ್ನು, ಕಾಣದಲ್ಲಿ ಕೆಲಸ ಮಾಡುವವರಿಗೆ ಒಂದು ಧೈರ್ಯದ ಮಾತು. ಮೈಸೂರಿನಲ್ಲಿ 1897ರಲ್ಲಿ ಹಳೆಯ ಮರದ ಅರಮನೆಯು ಬೆಂಕಿಗೆ ತುತ್ತಾದ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ ಅರಮನೆಯ ಕಲ್ಯಾಣ ಮಂಟಪದಲ್ಲಿ, ನವಿಲುಗಳ ಚಿತ್ರವುಳ್ಳ ಬಣ್ಣದ ಗಾಜಿನ ಮೇಲ್ಛಾವಣಿಯನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಅಸ್ತಿವಾರದ ಕಲ್ಲನ್ನಿಟ್ಟ ಗಾಜಿನ ಮನೆಯೂ ಉಂಟು. ಅಲ್ಲಿಗೆ ಹೋದವರು ಬಣ್ಣವನ್ನೂ ಬೆಳಕನ್ನೂ ಹೊಗಳಿ ಬರುತ್ತಾರೆ. ಒಂದೊಂದು ಗಾಜು ಸೇರುವ ಅಂಚಿನಲ್ಲಿ ಒಬ್ಬನು ಕೈಯಿಟ್ಟು ಕೆಲಸ ಮಾಡಿದನೆಂಬದನ್ನು ಯಾರು ನೆನಸುತ್ತಾರೆ? ಆದರೆ ಆ ಅಂಚು ಬಿಟ್ಟರೆ ಬಣ್ಣವೂ ಇಲ್ಲ, ಬೆಳಕೂ ಇಲ್ಲ. ಕಿರುಗಾವಲಿನಲ್ಲಿಯೇ ಸಯ್ಯದ್ ಘನಿ ಖಾನ್ ಎಂಬ ರೈತರು ನೂರಾರು ಭತ್ತದ ತಳಿಗಳನ್ನೂ ಬಡಾ ಬಾಗ್ ಎಂಬ ತೋಟದ ಹಳೆಯ ಮಾವಿನ ಜಾತಿಗಳನ್ನೂ ಕಾಪಾಡಿದ್ದಾರೆ. ಒಂದೊಂದು ತಳಿಯೂ ಒಂದು ಹಿಡಿ ಬೀಜವೇ. ಆ ಒಂದು ಹಿಡಿಯನ್ನು ವರ್ಷ ವರ್ಷವೂ ತಪ್ಪದೆ ಬಿತ್ತುವವನಿಲ್ಲದಿದ್ದರೆ ಅದು ಭೂಮಿಯಿಂದಲೇ ಹೋಗುವದು. ಸ್ವಲ್ಪದರಲ್ಲಿ ನಂಬಿಗಸ್ತನಾಗಿರುವದು ಎಷ್ಟು ದೊಡ್ಡದೆಂಬದಕ್ಕೆ ನಾವು ದೂರಕ್ಕೆ ಹೋಗಬೇಕಾಗಿಲ್ಲ.

ಅಲ್ಯೂಮಿನಿಯಮಿನ ಕಿಟಕಿಗಳಲ್ಲಿ ಈಗ ಪುಟ್ಟಿಗೆ ಬದಲಾಗಿ ರಬ್ಬರಿನ ಪಟ್ಟಿಯೂ ಸಿಲಿಕೋನ್ ಅಂಟೂ ಬಂದಿವೆ. ಪದಾರ್ಥವು ಬದಲಾಗಬಹುದು, ಸಂದು ಬದಲಾಗಲಿಲ್ಲ, ಮಳೆಯೂ ಬದಲಾಗಲಿಲ್ಲ. ಕೊಳೆಯ ಮೇಲೆ ಹಚ್ಚಿದ ಸಿಲಿಕೋನ್ ಸಹ ಕಿತ್ತುಬರುವದೆಂಬದನ್ನು ಆ ಕೆಲಸದವರು ಬಲ್ಲರು.

ಆದಕಾರಣ ಪ್ರಿಯರೇ, ಈ ತಿಂಗಳಲ್ಲಿ ನಾವು ಒಬ್ಬೊಬ್ಬರೂ ನಮ್ಮ ಮನೆಯ ಕಿಟಕಿಯ ಸಂದನ್ನು ಪರೀಕ್ಷಿಸುವದರೊಡನೆ, ನಮ್ಮ ನಡುವಣ ಸಂದುಗಳನ್ನೂ ಪರೀಕ್ಷಿಸಿಕೊಳ್ಳೋಣ. ಯಾವ ಮಾತು ಹೇಳದೆ ಉಳಿದಿದೆ? ಯಾವ ಸಾಲವು ತೀರದೆ ಮುಚ್ಚಿಹೋಗಿದೆ? ಯಾರ ಕಣ್ಣೀರಿನ ಮೇಲೆ ನಾವು ಸುಣ್ಣವನ್ನು ಬಳಿದಿದ್ದೇವೆ? ಅದನ್ನು ಮಳೆಯು ಬಂದು ತೋರಿಸುವದಕ್ಕಿಂತ ಮುಂಚೆ ನಾವೇ ಬೆಳಕಿನಲ್ಲಿ ನೋಡಿ ಸರಿಪಡಿಸುವದು ಒಳ್ಳೇದು. ಬಡಗಿಯ ಮನೆಯಲ್ಲಿ ಬೆಳೆದ ನಮ್ಮ ಕರ್ತನು ಅಂಥ ಕೆಲಸಕ್ಕೆ ಬೇಕಾದ ಎಚ್ಚರದ ಕೈಯನ್ನೂ ತಾಳ್ಮೆಯನ್ನೂ ನಮ್ಮೆಲ್ಲರಿಗೆ ದಯಪಾಲಿಸಲಿ. ಆಮೆನ್.