ಪಾತ್ರೆ ತೊಳೆಯುವ ಯಂತ್ರವೂ ಯತ್ನಾಚಾರವೂ

ಗೃಹಸ್ಥನಿಗೆ ಆರಂಭವು ತಪ್ಪಿದ್ದಲ್ಲ. ಉಣ್ಣಬೇಕಾದವನು ಬೇಯಿಸಬೇಕು, ಬೇಯಿಸಿ ಉಂಡವನು ಪಾತ್ರೆ ತೊಳೆಯಬೇಕು. ಇದನ್ನು ಬಲ್ಲ ಆಚಾರ್ಯರು ಶ್ರಾವಕನಿಗೆ ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸುವಂತೆಯೂ, ಆರಂಭೀ ಹಿಂಸೆಯನ್ನು ಆದಷ್ಟು ತಗ್ಗಿಸಿಕೊಳ್ಳುವಂತೆಯೂ ವಿಧಿಸಿದರು. ಮನೆಯೊಳಗೆ ಹಿಂಸೆ ಸಂಭವಿಸುವ ಐದು ಎಡೆಗಳನ್ನು ಪಂಚಸೂನೆಗಳೆಂದು ಕರೆದು ಎಚ್ಚರಿಸಿದರು: ಒರಳು, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಪೊರಕೆ. ಈಚಿನ ವರ್ಷಗಳಲ್ಲಿ ನಗರದ ಅನೇಕ ಮನೆಗಳಿಗೆ ಬಂದಿರುವ ಪಾತ್ರೆ ತೊಳೆಯುವ ಯಂತ್ರ, ಅಂದರೆ ಡಿಶ್‌ವಾಷರ್, ಇವುಗಳಲ್ಲಿ ಕೊನೆಯ ಮೂರನ್ನು ಒಂದೇ ಬಾಗಿಲಿನ ಹಿಂದೆ ಕೂಡಿಸಿಟ್ಟಿದೆ. ಅದು ನೀರನ್ನು ತುಂಬಿಕೊಳ್ಳುತ್ತದೆ, ಕಾಯಿಸುತ್ತದೆ, ಕೊಳೆಯನ್ನು ಗುಡಿಸಿ ಹೊರಗೆ ಹಾಕುತ್ತದೆ. ಬಾಗಿಲು ಮುಚ್ಚಿದ ಮೇಲೆ ಒಳಗೆ ನಡೆಯುವುದು ಯಾರ ಕಣ್ಣಿಗೂ ಬೀಳದು. ಹಾಗಾದರೆ ಆ ಕಾಣದ ಕ್ರಿಯೆಯ ಹೊಣೆ ಯಾರದು? ಯಂತ್ರಕ್ಕೆ ಕೆಲಸವನ್ನು ಒಪ್ಪಿಸಿದವನು ಯತ್ನಾಚಾರವನ್ನೂ ಅದಕ್ಕೇ ಒಪ್ಪಿಸಿಬಿಡಬಹುದೆ?

ಈ ಯಂತ್ರದ ಇತಿಹಾಸವು ಸ್ವಾರಸ್ಯಕರವಾಗಿದೆ. ಅಮೆರಿಕದ ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಊರಿನ ಜೋಸೆಫಿನ್ ಕಾಕ್ರನ್ ಎಂಬ ಗೃಹಿಣಿ, ಬೆಲೆಬಾಳುವ ಪಿಂಗಾಣಿ ತಟ್ಟೆಗಳು ಕೆಲಸದವರ ಕೈಯಲ್ಲಿ ಚಕ್ಕೆಯೇಳುವುದನ್ನು ಸಹಿಸಲಾರದೆ ಇದನ್ನು ರೂಪಿಸಿದಳೆಂದು ಹೇಳುತ್ತಾರೆ. 1886ರ ಡಿಸೆಂಬರಿನಲ್ಲಿ ಆಕೆಗೆ ಅದರ ಪೇಟೆಂಟ್ ದೊರೆಯಿತು. 1893ರಲ್ಲಿ ಶಿಕಾಗೋ ನಗರದ ವಿಶ್ವ ಪ್ರದರ್ಶನದಲ್ಲಿ ಆ ಯಂತ್ರಕ್ಕೆ ಬಹುಮಾನವೂ ಬಂದಿತು. ಅದೇ ವರ್ಷ, ಅದೇ ನಗರದಲ್ಲಿ, ಅದೇ ಪ್ರದರ್ಶನದ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲಿ ವೀರಚಂದ ರಾಘವಜೀ ಗಾಂಧಿಯವರು ಜೈನ ಧರ್ಮದ ಪ್ರತಿನಿಧಿಯಾಗಿ ಮಾತನಾಡಿದರು. ಕೈಯ ಕೆಲಸವನ್ನು ಬಿಡಿಸುವ ಯಂತ್ರವೂ, ಕೈಯ ಪ್ರತಿಯೊಂದು ಚಲನೆಗೂ ಎಚ್ಚರವನ್ನು ಬೇಡುವ ಧರ್ಮವೂ ಒಂದೇ ಊರಿನಲ್ಲಿ ಜಗತ್ತಿನ ಮುಂದೆ ನಿಂತವು. ಅವೆರಡೂ ಒಂದೇ ಅಡುಗೆಮನೆಯಲ್ಲಿ ಎದುರಾಗುವುದಕ್ಕೆ ಮಾತ್ರ ನೂರು ವರ್ಷಗಳೇ ಹಿಡಿದವು. 2020ರ ಲಾಕ್‌ಡೌನ್ ಕಾಲದಲ್ಲಿ ಮನೆಗೆಲಸದವರು ಬರಲಾಗದೆ ಹೋದಾಗ ಭಾರತದಲ್ಲಿ ಇದರ ಬೇಡಿಕೆ ಒಮ್ಮೆಲೇ ಏರಿತು.

ಹೊಣೆಯ ಪ್ರಶ್ನೆಗೆ ಜೈನಶಾಸ್ತ್ರದ ಉತ್ತರ ಸಂದಿಗ್ಧವಲ್ಲ. ಕೃತ, ಕಾರಿತ, ಅನುಮೋದಿತ ಎಂದು ಕರ್ಮಕ್ಕೆ ಮೂರು ಬಾಗಿಲುಗಳು. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು, ಮೂರೂ ತನ್ನ ಲೆಕ್ಕಕ್ಕೇ ಸೇರುತ್ತವೆ. ಅಂಗಡಿಯ ಗುಮಾಸ್ತನು ಬರೆದ ಚೀಟಿಗೆ ಯಜಮಾನನೇ ಉತ್ತರವಾದಿ. 'ಬರೆದ ಕೈ ನನ್ನದಲ್ಲ' ಎಂಬ ಮಾತು ಯಾವ ನ್ಯಾಯಸ್ಥಾನದಲ್ಲೂ ನಡೆಯದು. ಗುಮಾಸ್ತನಿಗಾದರೂ ಸ್ವಂತ ಬುದ್ಧಿಯುಂಟು. ಯಂತ್ರಕ್ಕೆ ಅದೂ ಇಲ್ಲ. ಅದರಿಂದ ಆದುದೆಲ್ಲವೂ ಕಾರಿತವೇ. ಇನ್ನು ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಪ್ರಾಣಹರಣದ ಮೂಲವನ್ನು ಪ್ರಮಾದದಲ್ಲಿಯೇ ಗುರುತಿಸಿತು. ಎಚ್ಚರವಿದ್ದೂ ಒಂದು ಜೀವ ಅಳಿದರೆ ಅದರ ಬಂಧ ಬೇರೆ. ಎಚ್ಚರಗೇಡಿಯು, ಜೀವ ಅಳಿಯಲಿ ಉಳಿಯಲಿ, ಹಿಂಸೆಗೆ ಆಗಲೇ ಒಳಗಾದವನು. ಆದುದರಿಂದ ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕಿಂತ, ಅದನ್ನು ಇಟ್ಟುಕೊಂಡ ಮನೆಯಲ್ಲಿ ಎಚ್ಚರ ಉಳಿದಿದೆಯೇ ಎಂಬ ವಿಚಾರವೇ ಮುಖ್ಯವಾಗುತ್ತದೆ.

ಮೊದಲು ನೀರಿನ ಲೆಕ್ಕವನ್ನು ನೋಡಬಹುದು. ಅಪ್ಕಾಯಿಕ ಜೀವಗಳನ್ನು ನಂಬುವವರಿಗೆ ನೀರಿನ ಮಿತವ್ಯಯವು ಹಣದ ಉಳಿತಾಯಕ್ಕಿಂತ ದೊಡ್ಡದು. ಈಗಿನ ಒಳ್ಳೆಯ ಯಂತ್ರವೊಂದು ಹನ್ನೆರಡು ಹದಿಮೂರು ಜನರ ಊಟದ ಪಾತ್ರೆಗಳನ್ನು ಸುಮಾರು 10ರಿಂದ 15 ಲೀಟರ್ ನೀರಿನಲ್ಲಿ ತೊಳೆಯುತ್ತದೆ. ಅದೇ ನೀರನ್ನು ಪಂಪು ಮತ್ತೆ ಮತ್ತೆ ಮೇಲೆತ್ತಿ, ತಿರುಗುವ ತೋಳುಗಳ ರಂಧ್ರಗಳಿಂದ ಚಿಮ್ಮಿಸುವುದೇ ಇದರ ಗುಟ್ಟು. ನಿಮಿಷಕ್ಕೆ 6 ಲೀಟರ್ ಸುರಿಯುವ ನಲ್ಲಿಯನ್ನು ಹತ್ತು ನಿಮಿಷ ತೆರೆದಿಟ್ಟರೆ 60 ಲೀಟರ್ ಹೋಗುತ್ತದೆ. ಆದರೆ ಯಂತ್ರ ಕೊಂಡ ಮಾತ್ರಕ್ಕೆ ಪುಣ್ಯ ಬರುವುದಿಲ್ಲ. ಯಂತ್ರಕ್ಕೆ ಹಾಕುವ ಮುನ್ನ ಪ್ರತಿ ತಟ್ಟೆಯನ್ನೂ ನಲ್ಲಿಯ ಕೆಳಗೆ ತೊಳೆದು ಇಡುವ ರೂಢಿ ಅನೇಕ ಮನೆಗಳಲ್ಲಿದೆ. ಅಲ್ಲಿ ಎರಡೂ ಬಗೆಯ ಖರ್ಚು ಒಟ್ಟಿಗೆ ಬೀಳುತ್ತದೆ. 2020ರಲ್ಲಿ ಪ್ರಕಟವಾದ ಮಿಶಿಗನ್ ವಿಶ್ವವಿದ್ಯಾಲಯದ ಅಧ್ಯಯನವೊಂದು, ಎರಡು ತೊಟ್ಟಿಗಳಲ್ಲಿ ನೀರು ತುಂಬಿಟ್ಟುಕೊಂಡು ಒಂದರಲ್ಲಿ ತೊಳೆದು ಇನ್ನೊಂದರಲ್ಲಿ ಅದ್ದಿ ತೆಗೆಯುವ ಕೈತೊಳೆತವು ಹಸಿರುಮನೆ ಅನಿಲಗಳ ಲೆಕ್ಕದಲ್ಲಿ ಯಂತ್ರಕ್ಕಿಂತಲೂ ಮೇಲೆಂದು ಕಂಡುಕೊಂಡಿತು. ಅಳತೆಯಿಂದ ತೊಳೆಯುವ ಕೈ ಯಂತ್ರವನ್ನು ಗೆಲ್ಲುತ್ತದೆ. ಅಳತೆಯಿಲ್ಲದ ಕೈ ಸೋಲುತ್ತದೆ.

ಇಲ್ಲಿಯೇ ನಿಜವಾದ ಧರ್ಮಸಂಕಟವೊಂದು ಏಳುತ್ತದೆ. ನೀರಿನ ದೃಷ್ಟಿಯಿಂದ ಯಂತ್ರವನ್ನು ಪೂರ್ತಿ ತುಂಬಿದ ಮೇಲೆಯೇ ನಡೆಸಬೇಕು. ಅರ್ಧ ತುಂಬಿದಾಗ ನಡೆಸಿದರೂ ನೀರು ಅರ್ಧಕ್ಕೆ ಇಳಿಯುವುದಿಲ್ಲ. ಆದರೆ ಎಂಜಲು ಪಾತ್ರೆಯನ್ನು ಒಂದು ಮುಹೂರ್ತ, ಅಂದರೆ 48 ನಿಮಿಷ ಮೀರಿ ಹಾಗೆಯೇ ಬಿಡಬಾರದು, ಅದರಲ್ಲಿ ಸಮ್ಮೂರ್ಛನ ಜೀವಗಳು ಹುಟ್ಟುತ್ತವೆ ಎಂಬುದು ಜೈನ ಮನೆಗಳಲ್ಲಿ ಬಂದ ಕಟ್ಟಳೆ. ಬೆಳಗಿನ ತಟ್ಟೆಯನ್ನು ಸಂಜೆಯವರೆಗೆ ಕತ್ತಲೆಯ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಹುಟ್ಟಿದುದನ್ನೆಲ್ಲ ಬಿಸಿನೀರಿನಿಂದ ಕೊಲ್ಲುವುದಾದರೆ, ಉಳಿಸಿದ ಹತ್ತು ಲೀಟರ್ ನೀರಿನ ಪುಣ್ಯ ಯಾವ ಲೆಕ್ಕಕ್ಕೆ?

ಈ ಸಂಕಟಕ್ಕೆ ಪರಿಹಾರ ಯಂತ್ರದಲ್ಲಿಲ್ಲ, ಉಣ್ಣುವವನ ತಟ್ಟೆಯಲ್ಲಿದೆ. ಜೀವ ಹುಟ್ಟುವುದಕ್ಕೆ ಅನ್ನವೂ ಬೇಕು, ತೇವವೂ ಬೇಕು. ಹಾಕಿಸಿಕೊಂಡುದರಲ್ಲಿ ಒಂದಗುಳನ್ನೂ ಬಿಡದೆ ಉಂಡು, ತಟ್ಟೆಗೆ ತುಸು ನೀರು ಹಾಕಿ ತೊಳೆದು ಕುಡಿಯುವ ಹಿರಿಯರ ಪದ್ಧತಿಯನ್ನು ಇಂದಿನ ಮಕ್ಕಳು ಜಿಪುಣತನವೆಂದು ನಗಬಹುದು. ಅದನ್ನು ಪಾಲಿಸುವ ಮನೆಯಲ್ಲಿ ಯಂತ್ರಕ್ಕೆ ಹೋಗುವುದು ಬಹುಮಟ್ಟಿಗೆ ಬರಿಯ ಜಿಡ್ಡು ಮಾತ್ರ. ಅಷ್ಟು ಸಾಧ್ಯವಾಗದವರು ಉಳಿದುದನ್ನು ಕೆರೆದು ತೆಗೆದು, ತಟ್ಟೆಯನ್ನು ಒರೆಸಿ ಒಣಗಿಸಿಟ್ಟರೆ ಕಟ್ಟಳೆಯ ಆಶಯವು ಬಹುಪಾಲು ನೆರವೇರುತ್ತದೆ. ಕಾಲದ ಮಿತಿಯನ್ನು ವ್ರತವಾಗಿಯೇ ಸ್ವೀಕರಿಸಿದವರಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಅವರ ಪಾತ್ರೆಗಳು ಕೈಯಲ್ಲಿಯೇ ತೊಳೆಯಲ್ಪಡಬೇಕು, ಮನೆಯ ಉಳಿದವರು ಅದಕ್ಕೆ ಗೊಣಗಬಾರದು.

ಯಂತ್ರದ ಒಳಭಾಗದ ವಿಚಾರ ಇದಕ್ಕಿಂತಲೂ ಸೂಕ್ಷ್ಮವಾದುದು. 2011ರಲ್ಲಿ ಸ್ಲೊವೇನಿಯಾ ದೇಶದ ವಿಜ್ಞಾನಿಗಳು ಬೇರೆ ಬೇರೆ ದೇಶಗಳ 189 ಮನೆಯಂತ್ರಗಳನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯಂತೆ, ಅವುಗಳಲ್ಲಿ ನೂರಕ್ಕೆ 62ರ ಬಾಗಿಲಿನ ರಬ್ಬರ್ ಪಟ್ಟಿಯಲ್ಲಿ ಶಿಲೀಂಧ್ರಗಳು ಬೆಳೆದಿದ್ದವು. ಬಿಸಿನೀರನ್ನೂ ಕ್ಷಾರವನ್ನೂ ತಾಳಿಕೊಳ್ಳಬಲ್ಲ ಕಪ್ಪು ಯೀಸ್ಟುಗಳು ಅವುಗಳಲ್ಲಿ ಮುಖ್ಯವಾದವು. ದೇಹಬಲ ಕುಂದಿದ ರೋಗಿಗಳಿಗೆ ಅವು ಅಪಾಯಕಾರಿಯಾಗಬಲ್ಲವು. ಶುಚಿತ್ವದ ಯಂತ್ರವೇ ಜೀವಗಳ ಯೋನಿಸ್ಥಾನವಾಗುವುದು ಹೀಗೆ. ಇಲ್ಲಿ ಅಹಿಂಸೆಯ ದಾರಿ, ಕೊಲ್ಲುವುದಕ್ಕಿಂತ ಮೊದಲೇ ಹುಟ್ಟದಂತೆ ನೋಡಿಕೊಳ್ಳುವುದು. ಆಲಸ್ಯದಿಂದ ಹುಟ್ಟಗೊಟ್ಟು, ಆಮೇಲೆ ಜುಗುಪ್ಸೆಯಿಂದ ಔಷಧಿ ಸುರಿದು ಅಳಿಸುವವನು ಒಂದೇ ಸಾಲಕ್ಕೆ ಎರಡು ಬಾರಿ ಬಡ್ಡಿ ಕಟ್ಟುತ್ತಾನೆ.

ಹುಟ್ಟದಂತೆ ನೋಡಿಕೊಳ್ಳುವ ಕ್ರಮ ಕಷ್ಟದ್ದಲ್ಲ. ಕೆಲಸ ಮುಗಿದು ಪಾತ್ರೆಗಳು ತಣಿದ ಮೇಲೆ ಬಾಗಿಲನ್ನು ತುಸು ತೆರೆದಿಟ್ಟು ಒಳಗಿನ ತೇವ ಆರಗೊಡಬೇಕು. ತಳದಲ್ಲಿರುವ ಸೋಸುಕವನ್ನು ವಾರಕ್ಕೊಮ್ಮೆಯಾದರೂ ತಿರುಗಿಸಿ ತೆಗೆದು, ಮೃದುವಾದ ಕುಂಚದಿಂದ ತಿಕ್ಕಿ, ಸರಿಯಾಗಿ ಕೂರಿಸಬೇಕು. ಸಡಿಲವಾಗಿ ಕೂತರೆ ಅಗುಳು ಪಂಪಿಗೆ ಹೋಗುತ್ತದೆ. ರಬ್ಬರ್ ಪಟ್ಟಿಯ ಮಡಿಕೆಗಳನ್ನು ಬಟ್ಟೆಯಿಂದ ಒರೆಸಬೇಕು. ತೋಳಿನ ರಂಧ್ರಗಳಲ್ಲಿ ಸಿಕ್ಕಿದ ಕಸವನ್ನು ಕಡ್ಡಿಯಿಂದ ಬಿಡಿಸಬೇಕು. ಇವಕ್ಕೆ ಕೈ ಹಾಕುವ ಮುನ್ನ ಸ್ವಿಚ್ಚು ಆರಿಸಿ ಪ್ಲಗ್ಗು ಕಳಚಬೇಕು. ಒಡೆದ ಗಾಜಿನ ಚೂರು ಸೋಸುಕದಲ್ಲಿ ಇರಬಹುದಾದ ಕಾರಣ ಕೈಗವಸು ಹಾಕಿಕೊಳ್ಳಬೇಕು. ಪ್ರತಿ ಬಾರಿ ಚಾಲನೆಗೆ ಮುಂಚೆ, ಇರುವೆಯೋ ಜಿರಳೆಯೋ ಒಳಸೇರಿದೆಯೇ ಎಂದು ದೀಪ ಹಿಡಿದು ನೋಡಿ, ಇದ್ದರೆ ಮೆಲ್ಲನೆ ಹೊರಗೆ ಬಿಡಬೇಕು. ಮುನಿಗಳು ಪಿಂಛಿಯಿಂದ ಪ್ರಮಾರ್ಜನ ಮಾಡಿಯೇ ವಸ್ತುವನ್ನು ಎತ್ತುವ, ಇಡುವ ಆದಾನನಿಕ್ಷೇಪಣ ಸಮಿತಿಯ ಛಾಯೆಯೊಂದು ಗೃಹಸ್ಥನ ಅಡುಗೆಮನೆಗೆ ಬರುವುದಾದರೆ ಅದು ಈ ಒಂದು ನಿಮಿಷದ ನೋಟದಲ್ಲಿ.

ಕೊಳವೆಬಾವಿಯ ಗಡಸು ನೀರಿರುವ ಊರುಗಳಲ್ಲಿ ಯಂತ್ರದ ಉಪ್ಪಿನ ಪೆಟ್ಟಿಗೆ ಬರಿದಾಗಬಾರದು. ನೀರಿನ ಸುಣ್ಣದ ಅಂಶವನ್ನು ಹಿಡಿದಿಡುವ ರಾಳದ ಕಣಗಳು ಆ ಉಪ್ಪಿನಿಂದಲೇ ಮರಳಿ ಶಕ್ತಿ ಪಡೆಯುತ್ತವೆ. ಅದಕ್ಕೆಂದೇ ಮಾರುವ ಶುದ್ಧವಾದ ಹರಳುಪ್ಪನ್ನು ಬಳಸಬೇಕಲ್ಲದೆ ಅಡುಗೆಯ ಪುಡಿಯುಪ್ಪನ್ನು ಹಾಕಬಾರದು. ಸುಣ್ಣ ಕಟ್ಟಿದ ಯಂತ್ರವನ್ನು ಅದಕ್ಕಾಗಿ ಸಿಗುವ ಆಮ್ಲದ ಪುಡಿಯಿಂದ, ಪಾತ್ರೆಗಳಿಲ್ಲದೆ ಬಿಸಿಯಾಗಿ ನಡೆಸಿ ಶುಚಿಗೊಳಿಸಬಹುದು. ಆ ಆಮ್ಲದೊಡನೆ ಬ್ಲೀಚನ್ನು ಎಂದಿಗೂ ಬೆರೆಸಬಾರದು. ವಿಷಕಾರಿಯಾದ ಕ್ಲೋರಿನ್ ಅನಿಲ ಹುಟ್ಟುತ್ತದೆ.

ಮನೆಯ ಮಕ್ಕಳ ರಕ್ಷಣೆ ಇವೆಲ್ಲಕ್ಕಿಂತ ಮೊದಲಿನದು. ಯಂತ್ರದ ಮಾರ್ಜಕವು ಕೈತೊಳೆತದ ಸಾಬೂನಿನಂತಲ್ಲ. ಅದು ತೀವ್ರವಾದ ಕ್ಷಾರ. ಬಣ್ಣದ ಬಿಲ್ಲೆಗಳಾಗಿ, ಮಿಠಾಯಿಯಂತೆ ಹೊಳೆಯುವ ಪೊಟ್ಟಣಗಳಾಗಿ ಬರುವುದರಿಂದ ಮಗುವಿನ ಬಾಯಿಗೆ ಹೋಗುವ ಭಯ ಹೆಚ್ಚು. ಬಾಯಿ, ಅನ್ನನಾಳಗಳನ್ನು ಅದು ಸುಡಬಲ್ಲದು. ಎತ್ತರದ, ಬೀಗವಿರುವ ಕಪಾಟಿನಲ್ಲಿ ಅದನ್ನು ಇಡಬೇಕು. ಯಂತ್ರವನ್ನು ನಡೆಸುವ ಕ್ಷಣದಲ್ಲಿ ಮಾತ್ರ ಒಳಗೆ ಹಾಕಬೇಕು. ಮಗು ನುಂಗಿದ್ದೇ ಆದರೆ ವಾಂತಿ ಮಾಡಿಸದೆ, ಬಾಯಿಯನ್ನು ನೀರಿನಿಂದ ಒರೆಸಿ ತೊಳೆದು, ಪೊಟ್ಟಣದೊಡನೆ ಕೂಡಲೆ ವೈದ್ಯರಲ್ಲಿಗೆ ಒಯ್ಯಬೇಕು. ಚಾಕುಗಳನ್ನು ಬುಟ್ಟಿಯಲ್ಲಿ ಮೊನೆ ಕೆಳಗಾಗಿ ಇಡಬೇಕು. ತೆರೆದ ಬಾಗಿಲಿನ ಮೇಲೆ ಮಗು ಕುಳಿತರೆ ಬಿಡಿಯಾಗಿ ನಿಂತ ಯಂತ್ರ ಮುಂದಕ್ಕೆ ವಾಲಬಹುದು.

ವಿದ್ಯುತ್ತಿನ ವಿಷಯದಲ್ಲಿಯೂ ಅಂತಹುದೇ ಎಚ್ಚರ ಬೇಕು. ನೀರೂ ಸುಮಾರು ಎರಡು ಸಾವಿರ ವ್ಯಾಟ್ ವಿದ್ಯುತ್ತೂ ಒಂದೇ ಪೆಟ್ಟಿಗೆಯಲ್ಲಿ ಸೇರುವಲ್ಲಿ, ಭೂಸಂಪರ್ಕ ಸರಿಯಿರುವ 16 ಆಂಪಿಯರಿನ ಸಾಕೆಟ್ಟೂ ಸೋರುವಿದ್ಯುತ್ತನ್ನು ಕಡಿಯುವ ಸ್ವಿಚ್ಚೂ ಇರಲೇಬೇಕು; ಉದ್ದಂತಿಯ ಎಕ್ಸ್‌ಟೆನ್ಷನ್ ಬೋರ್ಡು ಸಲ್ಲದು. ಎಲ್ಲರೂ ಮಲಗಿರುವಾಗ ಇಂತಹ ಯಂತ್ರಗಳನ್ನು ನಡೆಸಬಾರದೆಂದು ಬ್ರಿಟನ್ನಿನ ಅಗ್ನಿಶಾಮಕ ದಳಗಳು ಜನರಿಗೆ ತಿಳಿಹೇಳುತ್ತವೆ. ರಾತ್ರಿಭೋಜನವನ್ನು ಬಿಟ್ಟವರಿಗೆ ಇದು ಸುಲಭ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿದರೆ, ಎರಡು ಮೂರು ಗಂಟೆ ಹಿಡಿಯುವ ಯಂತ್ರದ ಕೆಲಸವೂ ಮನೆಯವರು ಎಚ್ಚರವಾಗಿರುವಾಗಲೇ ಮುಗಿಯುತ್ತದೆ. ಊರಿಗೆ ಹೋಗುವಾಗ ನೀರಿನ ನಲ್ಲಿಯನ್ನು ನಿಲ್ಲಿಸಿಯೇ ಹೋಗಬೇಕು.

ಪೂಜೆಯ ಬೆಳ್ಳಿ, ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ಇದರಲ್ಲಿ ಹಾಕಲಾಗದು. ಊಟದ ಪಾತ್ರೆಯೊಡನೆ ಬೆರೆಸಬಾರದೆಂಬುದು ಒಂದು ಕಾರಣ. ಕ್ಷಾರವೂ ಶಾಖವೂ ಆ ಲೋಹಗಳನ್ನು ಮಂಕಾಗಿಸುತ್ತವೆಂಬುದು ಇನ್ನೊಂದು. ಅಲ್ಯುಮಿನಿಯಂ ಕಪ್ಪಾಗುತ್ತದೆ, ಮರ ಬಿರಿಯುತ್ತದೆ, ಎರಕದ ಕಬ್ಬಿಣ ತುಕ್ಕು ಹಿಡಿಯುತ್ತದೆ. ಯಾವುದನ್ನು ಯಂತ್ರಕ್ಕೆ ಕೊಡಬೇಕು, ಯಾವುದನ್ನು ಕೈಯಲ್ಲಿಯೇ ಉಳಿಸಿಕೊಳ್ಳಬೇಕು ಎಂಬ ವಿವೇಕ ಪ್ರತಿದಿನವೂ ಬೇಕಾಗುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸುವುದಾದರೆ ಕೈಯಲ್ಲಿಯೇ ತೊಳೆಯಬಹುದಲ್ಲ ಎಂದು ಕೇಳುವವರುಂಟು. ತೊಳೆಯಬಹುದು, ಅದು ಎಂದಿಗೂ ಕೀಳಲ್ಲ. ಆದರೆ ಮುಪ್ಪಿನಿಂದ ಬೆನ್ನು ಬಾಗಿದ ತಾಯಿಯೂ, ದುಡಿದು ದಣಿದು ಬಂದ ಸೊಸೆಯೂ ಇರುವ ಮನೆಯಲ್ಲಿ ಅವರ ಶ್ರಮವನ್ನು ತಗ್ಗಿಸುವುದು ದಯೆಯೇ. ಆ ದಯೆಗೆ ಒಂದು ಷರತ್ತುಂಟು: ಸೋಸುಕವನ್ನು ತೊಳೆಯುವ, ಪಟ್ಟಿಯನ್ನು ಒರೆಸುವ ಕೆಲಸ ಮತ್ತೆ ಅವರ ಪಾಲಿಗೇ ಬೀಳಬಾರದು. ಯಂತ್ರವನ್ನು ಕೊಂಡ ಯಜಮಾನನು ವಾರಕ್ಕೊಮ್ಮೆ ತಾನೇ ಬಗ್ಗಿ ಆ ಸೋಸುಕವನ್ನು ತೆಗೆಯಲಿ. ಯಂತ್ರವು ಶ್ರಮವನ್ನು ಹೊರಬಲ್ಲದು, ಪ್ರಮಾದವನ್ನು ಹೊರಲಾರದು. ಅಂಗಡಿಯ ಖಾತೆಯಲ್ಲಿ ಯಂತ್ರಕ್ಕೆ ವರ್ಷ ವರ್ಷ ಸವಕಳಿ ಬರೆಯುತ್ತಾರೆ. ಅದನ್ನು ಬಳಸುವವನ ಎಚ್ಚರಕ್ಕೆ ಸವಕಳಿ ಬರೆಯುವ ಖಾತೆ ಧರ್ಮದ ಪುಸ್ತಕದಲ್ಲಿ ಇಲ್ಲ.