ಸೋರುವ ಮನೆಯ ಧರ್ಮವಿಚಾರ

ಒಂದು ವಸ್ತುವಿಗೆ ಒಡೆಯನು ಒಬ್ಬನಾಗಿ, ಅದನ್ನು ಅನುಭೋಗಿಸುವವನು ಮತ್ತೊಬ್ಬನಾದಾಗ, ಅದು ಕೆಟ್ಟರೆ ಸರಿಪಡಿಸುವ ಹೊಣೆಯು ಯಾರದು? ಬಂಡಿ, ಪಾತ್ರೆಗಳ ವಿಷಯದಲ್ಲಿ ಈ ಪ್ರಶ್ನೆಯು ಬೇಗನೆ ತೀರುವುದು. ಕೆಟ್ಟ ಬಂಡಿಯನ್ನು ಹಿಂದಿರುಗಿಸಿ ಬೇರೊಂದನ್ನು ತರಬಹುದು. ಮನೆಯ ಮಾತು ಹಾಗಲ್ಲ. ಬಾಡಿಗೆದಾರನು ಅಲ್ಲಿ ತನ್ನ ಮುದುಕರನ್ನೂ ಮಕ್ಕಳನ್ನೂ, ಅಕ್ಕಿಯ ಚೀಲವನ್ನೂ ಹಾಸಿಗೆಯನ್ನೂ ತಂದಿರಿಸಿರುವನು. ಬೇಸಿಗೆಯಲ್ಲಿ ಮಾಲಕನಿಗೂ ಅವನಿಗೂ ಯಾವ ವಾದವೂ ಹುಟ್ಟದಿರಬಹುದು. ಮಾಡು ಸೋರಿದಂದು, ಗೋಡೆಯೊಳಗಿನ ನಳವು ಒಡೆದಂದು, ಒಡೆತನವೆಂದರೇನೆಂಬ ಪ್ರಶ್ನೆಯು ಇಬ್ಬರ ಎದುರಿಗೂ ಬಂದು ನಿಲ್ಲುವುದು.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಇದು ಬರಿಯ ತರ್ಕದ ಮಾತಲ್ಲ. ವರ್ಷದ ಮಳೆಯ ಬಹುಭಾಗವು ಜೂನದಿಂದ ಸಪ್ಟಂಬರದ ವರೆಗಿನ ನಾಲ್ಕು ತಿಂಗಳಲ್ಲಿಯೇ ಬಿದ್ದುಹೋಗುವ ಸೀಮೆಯಿದು. ಶಿರಸಿಯ ವಾರ್ಷಿಕ ಮಳೆಯು ಸುಮಾರು 100 ಅಂಗುಲದಷ್ಟು. ಹಿಂದೆ ಇಲ್ಲಿಯ ಮನೆಗಳಿಗೆ ಅಡಕೆಯ ಸೋಗೆಯ ಹೊದಿಕೆಯಿತ್ತು. ಅದನ್ನು ವರ್ಷವರ್ಷವೂ ಮಳೆಗೆ ಮುನ್ನ ಹೊಸತಾಗಿ ಹೊದಿಸಬೇಕಾಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರಖಾನೆಯನ್ನು ತೆರೆದ ಮೇಲೆ, ಆ ಬಗೆಯ ಹಂಚು ಕ್ರಮೇಣ ಘಟ್ಟವನ್ನೇರಿ ಬಂದಿತು. ಹಂಚಿನ ಮಾಡಿಗೂ ಮಳೆಗೆ ಮುನ್ನ ಒಮ್ಮೆ ಕೈಯಾಡಿಸಬೇಕು. ಮಂಗಗಳು ಒಡೆದ ಹಂಚನ್ನು ತೆಗೆದು ಬೇರೆಯದನ್ನು ಇಡಬೇಕು, ಸಂದುಗಳಲ್ಲಿ ಸೇರಿದ ಎಲೆಕಸವನ್ನು ಬಳಿಯಬೇಕು. ಮನೆಯೆಂಬುದು ಒಮ್ಮೆ ಕಟ್ಟಿ ಮರೆಯುವ ವಸ್ತುವಲ್ಲವೆಂಬ ಪಾಠವನ್ನು ಈ ಸೀಮೆಯ ಜನರಿಗೆ ಮಳೆಯೇ ಕಲಿಸಿರುವುದು.

ಸಿಮೆಂಟಿನ ತಾರಸಿಯೂ ಗೋಡೆಯೊಳಗೆ ಹುದುಗಿಸಿದ ನೀರಿನ ಕೊಳವೆಯೂ ಬಂದ ಮೇಲೆ ಈ ಪಾಠವು ಮರೆಯತೊಡಗಿತು. ಒಡೆದ ಹಂಚಿನ ಹನಿಯು ಬಹುಮಟ್ಟಿಗೆ ಅದರ ಕೆಳಗೇ ಬೀಳುವುದರಿಂದ ದೋಷದ ಸ್ಥಾನವು ಬೇಗ ಗೊತ್ತಾಗುವುದು. ತಾರಸಿಯ ಕೂದಲೆಳೆಯ ಬಿರುಕಿನಲ್ಲಿ ಇಳಿದ ನೀರಾದರೋ ಎಲ್ಲಿಯೋ ಒಳಹೊಕ್ಕು ಮತ್ತೆಲ್ಲಿಯೋ ತಲೆದೋರುವುದು. ಒಳಗಿನ ಕಬ್ಬಿಣದ ಸರಳು ತುಕ್ಕುಹಿಡಿದು ಉಬ್ಬಿದರೆ ಮೇಲಿನ ಕಾಂಕ್ರೀಟನ್ನೇ ಸೀಳುವುದು. ಒದ್ದೆಗೋಡೆಯಲ್ಲಿ ವಿದ್ಯುತ್ತಿನ ತಂತಿಯಿದ್ದರೆ ಪ್ರಾಣಕ್ಕೇ ಅಪಾಯವು. ಆದುದರಿಂದ ಸೋರಿಕೆಯ ವಿಷಯದಲ್ಲಿ ವಿಲಂಬವೆಂಬುದು ಕೇವಲ ಅನಾದರವಲ್ಲ. ಅದು ದಿನದಿನಕ್ಕೆ ಬೆಳೆಯುವ ಹಾನಿ.

ಮಾಲಕನು ಹಲವು ವೇಳೆ ದುಷ್ಟನಲ್ಲ, ದೂರಸ್ಥನು. ಮಲೆನಾಡಿನ ಮಕ್ಕಳು ಉದ್ಯೋಗಕ್ಕಾಗಿ ಬೆಂಗಳೂರು ಮೊದಲಾದ ನಗರಗಳನ್ನು ಸೇರಿರುವ ಈ ಕಾಲದಲ್ಲಿ, ಪೇಟೆಯ ಮನೆಯನ್ನು ಬಾಡಿಗೆಗೆ ಕೊಟ್ಟು ದೂರದಲ್ಲಿ ನೆಲೆಸಿದವರು ವಿರಳರಲ್ಲ. ಇತ್ತ ಬಾಡಿಗೆದಾರನ ಪತ್ರಕ್ಕೆ ಉತ್ತರವಿಲ್ಲ, ದೂರವಾಣಿಯ ಕರೆಗೆ ಓಗೊಡುವವರಿಲ್ಲ. ಬಾಡಿಗೆಯು ಮಾತ್ರ ತಿಂಗಳು ತಿಂಗಳೂ ಸಲ್ಲುತ್ತಿರುವುದು. ಮಾಲಕನ ಕಡೆಯಿಂದಲೂ ಹೇಳತಕ್ಕ ಮಾತುಗಳುಂಟು: ಬರುವ ಬಾಡಿಗೆಯು ಅಲ್ಪವು, ದುರಸ್ತಿಯ ವೆಚ್ಚವು ಅಧಿಕವು, ಮನೆಯು ಅಣ್ಣತಮ್ಮಂದಿರ ಅವಿಭಕ್ತ ಸ್ವತ್ತಾದುದರಿಂದ ಒಬ್ಬನು ಖರ್ಚು ಮಾಡಿದರೆ ಉಳಿದವರು ಪಾಲು ಕೊಡುವರೆಂಬ ಭರವಸೆಯಿಲ್ಲ, ಬಾಡಿಗೆದಾರರು ಸಣ್ಣದನ್ನು ದೊಡ್ಡದಾಗಿ ಹೇಳುವರು. ಈ ಮಾತುಗಳಲ್ಲಿ ಸತ್ಯಾಂಶವಿರಬಹುದು. ಆದರೆ ಇವುಗಳಲ್ಲಿ ಒಂದೂ ಉತ್ತರ ಕೊಡದಿರುವುದಕ್ಕೆ ಕಾರಣವಾಗಲಾರದು. ಅಶಕ್ತಿಗೆ ಕ್ಷಮೆಯುಂಟು, ಮೌನಕ್ಕೆ ಆ ಆಶ್ರಯವಿಲ್ಲ. ಮೌನವು ಸಮ್ಮತಿಯ ಲಕ್ಷಣವೆಂದು ಲೋಕವು ಹೇಳುವುದು. ಬೇಡುವವನ ಎದುರಿನಲ್ಲಿ ಕೊಡಬೇಕಾದವನು ತಳೆದ ಮೌನವಾದರೋ ನಿರಾಕರಣವೇ ಸರಿ. ಇಲ್ಲವೆಂದು ಹೇಳುವ ಧೈರ್ಯವೂ ಇಲ್ಲದ ನಿರಾಕರಣವದು.

ಪ್ರಾಚೀನರು ಈ ಸಂಬಂಧವನ್ನು ಆಲೋಚಿಸದೆ ಬಿಟ್ಟವರಲ್ಲ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕೈಸೇರಿ, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಮನೆಗಳ ವ್ಯವಹಾರವು ಬಂದಿದೆ. ನೀರಿನಿಂದ ಪರರ ಗೋಡೆಯನ್ನು ಕೆಡಿಸಿದವನಿಗೆ ಅಲ್ಲಿ 12 ಪಣಗಳ ದಂಡ. ಕಳವು, ಬಲಾತ್ಕಾರ ಮುಂತಾದ ದೋಷಗಳಿಲ್ಲದೆ ಬಾಡಿಗೆ ತೆರುತ್ತಿರುವವನನ್ನು ಮನೆಯಿಂದ ಹೊರಡಿಸಿದವನಿಗೂ ಅಷ್ಟೇ ದಂಡ. ಬಾಡಿಗೆದಾರನು ತಾನಾಗಿ ನಡುವೆ ಬಿಟ್ಟುಹೋದರೆ ವರ್ಷದ ಬಾಡಿಗೆಯಲ್ಲಿ ಉಳಿದುದನ್ನು ಸಲ್ಲಿಸತಕ್ಕದ್ದು. ಹೊಣೆಯು ಎರಡು ಕಡೆಗೂ ಉಂಟೆಂಬುದು ಇದರಿಂದ ಸ್ಪಷ್ಟವು. ಇಲ್ಲಿ ವಿಚಾರವಂತರು ಒಂದನ್ನು ಕೇಳಿಕೊಳ್ಳಬಹುದು. ಕೈಹಿಡಿದು ಹೊರಡಿಸುವುದು ಅಪರಾಧವಾದರೆ, ಸೋರಿಕೆಯನ್ನು ಹಾಗೆಯೇ ಬಿಟ್ಟು, ಬಾಡಿಗೆದಾರನು ಬೇಸತ್ತು ತಾನಾಗಿ ಹೊರಡುವಂತೆ ಮಾಡುವುದು ಅದಕ್ಕಿಂತ ಕಡಿಮೆಯದೆ? ಮೊದಲನೆಯದರಲ್ಲಿ ಕೈ ಮಾಡುವ ಕೆಲಸವನ್ನು ಎರಡನೆಯದರಲ್ಲಿ ನೀರು ಮಾಡುವುದು, ಅಷ್ಟೇ ಭೇದ.

ಈಗಿನ ಕಾಯಿದೆಯನ್ನು ನೋಡಿದರೆ, 1882ರ ಸ್ವತ್ತು ವರ್ಗಾವಣೆಯ ಕಾಯಿದೆಯ 108ನೆಯ ಕಲಮು ಈ ವಿಷಯವನ್ನು ಹೇಳುವುದು. ಮಾಲಕನು ಮಾಡಲು ಬದ್ಧನಾದ ದುರಸ್ತಿಯನ್ನು ತಿಳಿವಳಿಕೆ ಕೊಟ್ಟ ಮೇಲೆ ಯುಕ್ತ ಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಆ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ತನ್ನಿಂದ ಆದ ದೋಷವನ್ನು ಬಾಡಿಗೆದಾರನು ಮಾಲಕನ ತಿಳಿವಳಿಕೆ ಬಂದ ಮೂರು ತಿಂಗಳೊಳಗೆ ಸರಿಪಡಿಸಬೇಕು. ಇಲ್ಲಿ ಎರಡು ಸೂಕ್ಷ್ಮಗಳಿವೆ. ಮಾಲಕನು ಯಾವ ಯಾವ ದುರಸ್ತಿಗೆ ಬದ್ಧನೆಂಬುದನ್ನು ಈ ಕಲಮು ಬಿಡಿಸಿ ಹೇಳುವುದಿಲ್ಲ. ಅದನ್ನು ಕರಾರಿನಲ್ಲಿಯೋ ಅನ್ಯ ಕಾಯಿದೆಗಳಲ್ಲಿಯೋ ಹುಡುಕಬೇಕು. ಎರಡನೆಯದು, ಬಾಡಿಗೆದಾರನಿಗೆ ಮೂರು ತಿಂಗಳೆಂಬ ಗಡುವಿದ್ದರೆ ಮಾಲಕನಿಗೆ ‘ಯುಕ್ತ ಕಾಲ’ವೆಂಬ ಮಾತು ಮಾತ್ರ ಉಂಟು. ಘಟ್ಟದ ಮೇಲೆ ಆ ಯುಕ್ತ ಕಾಲವನ್ನು ಅಳೆಯುವುದು ಪಂಚಾಂಗವಲ್ಲ, ಮಳೆ. ಆಷಾಢದಲ್ಲಿ ಸೋರಿದ ತಾರಸಿಗೆ ಕೂಡಲೆ ತಾಡಪಾಲನ್ನಾದರೂ ಹೊದಿಸುವುದು ಯುಕ್ತವು. ಸ್ಥಿರವಾದ ಕೆಲಸಕ್ಕೆ ದಸರೆಯ ತನಕ ಕಾಯುವುದೂ ಯುಕ್ತವೇ. ಒಡೆದ ನಳಕ್ಕೆ ಮಳೆಯ ನೆಪವಿಲ್ಲ; ಅದನ್ನು ಮರುದಿನವೇ ಸರಿಪಡಿಸಬೇಕು.

ಈ ಸೀಮೆಯ ಗೇಣಿಯ ಇತಿಹಾಸವೂ ಇಲ್ಲಿ ಬೆಳಕು ಬೀರುವುದು. ಮೂಲಗೇಣಿದಾರನಿಗೆ ಶಾಶ್ವತವಾದ ಹಕ್ಕಿದ್ದುದರಿಂದ ಅವನು ತೋಟಕ್ಕೆ ಮಣ್ಣು ಹಾಕಿಸುವುದಕ್ಕೂ ಕಾಲುವೆ ತೆಗೆಸುವುದಕ್ಕೂ ಹಿಂಜರಿಯಲು ಕಾರಣವಿರಲಿಲ್ಲ. ಒಡೆಯನ ಇಚ್ಛೆಯಿದ್ದಷ್ಟು ಕಾಲ ಮಾತ್ರ ಉಳಿಯುವ ಚಾಲಗೇಣಿದಾರನು ನಾಳೆ ಬಿಡಬೇಕಾದ ನೆಲಕ್ಕೆ ಇಂದು ಬೆವರನ್ನು ಏಕೆ ಸುರಿಸುವನು? 1974ರ ಭೂಸುಧಾರಣೆಯಿಂದ ಹೊಲತೋಟಗಳ ಗೇಣಿಯು ಕೊನೆಗೊಂಡಿತು. ಪೇಟೆಯ ಬಾಡಿಗೆಯು ಉಳಿಯಿತು. ಒಂದು ವರ್ಷಕ್ಕೆ ಮೀರಿದ ಕರಾರನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯಿದೆಯು ವಿಧಿಸಿರುವುದರಿಂದ, 11 ತಿಂಗಳ ಕರಾರು ಎಲ್ಲೆಡೆಯಲ್ಲಿಯೂ ರೂಢಿಯಾಗಿರುವುದು. ಹನ್ನೊಂದು ತಿಂಗಳ ವಾಸದವನಿಂದ ನೂರು ವರ್ಷ ಬಾಳಬೇಕಾದ ಮಾಡಿನ ರಕ್ಷಣೆಯನ್ನು ಬಯಸುವುದು ನ್ಯಾಯವಲ್ಲ. ದೀರ್ಘಕಾಲದ ಲಾಭವು ಯಾರದೋ ದೀರ್ಘಕಾಲದ ಹೊಣೆಯೂ ಅವನದು. ಮಾಡು, ಗೋಡೆ, ಗೋಡೆಯೊಳಗಿನ ಕೊಳವೆ ಇವು ಮಾಲಕನವು. ನಳದ ತುದಿಯ ಸವೆದ ಬಿರಡೆ, ಕಸದಿಂದ ಕಟ್ಟಿದ ಮೋರಿ, ಇಂಥ ದಿನಬಳಕೆಯ ಸಣ್ಣ ಕೆಲಸಗಳು ವಾಸಿಸುವವನವು.

ಬಾಡಿಗೆದಾರನಿಗೆ ಇನ್ನೂ ಒಂದು ಧರ್ಮವುಂಟು. ಉತ್ತರವು ಬರಲಿಲ್ಲವೆಂದು ಸಿಟ್ಟಿನಿಂದ ಬಾಡಿಗೆಯನ್ನು ಹೇಳದೆ ಕೇಳದೆ ನಿಲ್ಲಿಸಿದರೆ, ಅವನೂ ಮೌನದ ಮಾರ್ಗವನ್ನೇ ಹಿಡಿದಂತಾಯಿತು. ನ್ಯಾಯವು ಅವನ ಪಕ್ಷದಿಂದ ಜಾರಿತು. ದೋಷವನ್ನು ಕಂಡ ದಿನವೇ ತಾರೀಖು ಹಾಕಿ ಬರೆದು ತಿಳಿಸುವುದು, ಒದ್ದೆಗೋಡೆಯ ಭಾವಚಿತ್ರವನ್ನು ಕಳುಹಿಸುವುದು, ಖರ್ಚಿನ ಅಂದಾಜನ್ನು ಮುಂಚಿತವಾಗಿ ಹೇಳುವುದು, ಮಾಡಿಸಿದ ಕೆಲಸಕ್ಕೆ ಪಾವತಿಯನ್ನು ಇಟ್ಟುಕೊಂಡು ಉಳಿದ ಬಾಡಿಗೆಯನ್ನು ನಿಯಮದಂತೆ ಸಲ್ಲಿಸುವುದು, ಇದು ಸರಿಯಾದ ದಾರಿ. ಕಾಯಿದೆಯ ಮುರಿದುಕೊಳ್ಳುವ ಹಕ್ಕಿನಲ್ಲಿ ಅಡಗಿರುವ ವಿವೇಕವೂ ಇದೇ: ಅದು ಮನೆಯನ್ನು ಉಳಿಸುವುದು, ಲೆಕ್ಕವನ್ನೂ ಉಳಿಸುವುದು.

ಬಾಡಿಗೆಯೆಂಬುದು ನಾಲ್ಕು ಗೋಡೆಗಳ ಬೆಲೆಯಲ್ಲ. ಆ ಗೋಡೆಗಳ ನಡುವೆ ಒಣಗಿದ ನೆಲದ ಮೇಲೆ ಮಲಗುವೆನೆಂಬ ಭರವಸೆಯ ಬೆಲೆ. ಭರವಸೆಯನ್ನು ಮಾರಿದವನು ಅದನ್ನು ಕಾಯಬೇಕು. ತನ್ನಿಂದಾಗದಿದ್ದರೆ ಊರಿನಲ್ಲಿ ಒಬ್ಬರಿಗೆ ಅಧಿಕಾರ ಕೊಟ್ಟಾದರೂ ಕಾಯಿಸಬೇಕು. ಶಿವರಾತ್ರಿ ಕಳೆದ ಮೇಲೆ ಮಾಲಕನು ತಾನೇ ಬಂದು, ಇಲ್ಲವೆ ತನ್ನವರನ್ನು ಕಳುಹಿಸಿ, ಬಾಡಿಗೆದಾರನೊಡನೆ ಮಾಡನ್ನೂ ನಳವನ್ನೂ ಒಮ್ಮೆ ನೋಡಿಹೋಗುವ ಪದ್ಧತಿಯು ಈ ಮೂರು ತಾಲೂಕುಗಳ ಪೇಟೆಗಳಲ್ಲಿ ನೆಲೆಗೊಳ್ಳಲಿ. ಸೋಗೆಯ ಕಾಲದಲ್ಲಿ ಮಳೆಗೆ ಮುನ್ನ ಮನೆಯನ್ನು ಹೊದಿಸುತ್ತಿದ್ದ ಹಿರಿಯರಿಗೆ ಇದು ಹೊಸ ಮಾತೇನೂ ಆಗಿರಲಿಲ್ಲ.